ಬೆಲ್ಲದ ಅಂಗಡಿಯ ಕತ್ತೆ ಪುಸ್ತಕ

ಒಂದು ಊರಿನ ಪೇಟೆಬೀದಿಯಲ್ಲಿ ಸಂಗನಬಸಪ್ಪ ಎಂಬ ಬೆಲ್ಲದ ವ್ಯಾಪಾರಿ ಇದ್ದ. ಬೆಲ್ಲದ ವಿಷಯದಲ್ಲಿ ಅವನು ಸಾಕ್ಷಾತ್ ಬ್ರಹ್ಮ ಬಂದು ಹೇಳಿದರೂ ನಂಬುವವನಲ್ಲ. ಗಾಣದವನು ಆಣೆಯಿಟ್ಟು ಹೊಗಳಿದರೂ, ಬೆಲ್ಲದ ಪೆಂಟೆಯ ಮೂಲೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ರುಚಿ ನೋಡಿ, ಆಮೇಲೆಯೇ ವ್ಯಾಪಾರದ ಮಾತು. ಹತ್ತೂರ ಸಂತೆಯ ನೀರು ಕುಡಿದ ಆಸಾಮಿ.

ಇಂಥ ಸಂಗನಬಸಪ್ಪನಿಗೆ ಒಂದು ಗುಟ್ಟಿತ್ತು. ಅಂಗಡಿಯಲ್ಲಿ ಬೆಲ್ಲದ ಪೆಂಟೆಗಳ ಹಿಂದೆ ಅವನು ಒಂದು ಪುಸ್ತಕ ಇಟ್ಟುಕೊಂಡಿದ್ದ. ಅದಕ್ಕೆ ರಟ್ಟು ಇರಲಿಲ್ಲ. ಮೊದಲಿನ ಪುಟಗಳೂ ಇರಲಿಲ್ಲ. ಹೆಸರೇನೋ, ಬರೆದವರು ಯಾರೋ, ಒಂದೂ ಗೊತ್ತಿಲ್ಲ. ಕಥೆ ಮಾತ್ರ ಒಂದು ಕತ್ತೆಯದು. ಆ ಕತ್ತೆ ಕ್ಷೌರದ ಅಂಗಡಿಗೆ ಹೋಗಿ, ಬೆಂಚಿನ ಮೇಲೆ ಜನರ ನಡುವೆ ಕೂತು, "ನನ್ನ ಪಾಳಿ ಯಾವಾಗ?" ಎಂದು ಕೇಳುತ್ತದೆ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಸಂಗನಬಸಪ್ಪ ಅದನ್ನು ತೆಗೆದು ಓದುತ್ತಿದ್ದ. ಎಷ್ಟನೆಯ ಸಲವೋ, ದೇವರೇ ಬಲ್ಲ. ಓದಿ, ಹೊಟ್ಟೆ ಕುಣಿಯುವಂತೆ ನಗುತ್ತಿದ್ದ. ಯಾರದಾದರೂ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಪುಸ್ತಕ ಗೋಣಿಚೀಲದ ಕೆಳಗೆ, ಮುಖ ಗಂಭೀರ.

ಯಾಕೆ ಈ ಕಳ್ಳಾಟ ಎನ್ನುತ್ತೀರಾ? ನಾಚಿಕೆ. ಇಷ್ಟು ದೊಡ್ಡ ವ್ಯಾಪಾರಿ ಮಕ್ಕಳ ಕಥೆ ಓದಿ ನಗುತ್ತಾನೆಂದು ಗೊತ್ತಾದರೆ ಊರ ಜನ ಬಿಟ್ಟಾರೆಯೇ? ಕಸ್ತೂರಿಯ ಗಾದೆಯನ್ನು ಕತ್ತೆಗಲ್ಲ, ತನಗೇ ಹೇಳುತ್ತಾರೆಂದು ಅವನಿಗೆ ಭಯ. ಆ ಗುಟ್ಟು ಗೊತ್ತಿದ್ದದ್ದು ಅವನ ಮಗಳು ಮಹಾನಂದಾಳಿಗೆ ಒಬ್ಬಳಿಗೇ.

ಆ ಮಹಾನಂದಾಳಿಗೆ ಮದುವೆಯ ಮಾತುಕತೆ ನಡೆಯಿತು. ಹೊಳೆಯಾಚೆಯ ಸೊಗಲಗೇರಿಯ ಹುಡುಗ, ಹೆಸರು ಶರಣು. ಹುಡುಗಿಗೆ ಹುಡುಗ ಒಪ್ಪಿಗೆಯಾಗಿದ್ದ. ಒಪ್ಪಿಗೆ ಎಂಬುದು ಸಣ್ಣ ಮಾತು. ಅವನ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವಳು ಹಂಚಿನ ಮೇಲಿನ ರೊಟ್ಟಿ ಸುಡುತ್ತಿದ್ದಳು.

ಸೊಗಲಗೇರಿಯಲ್ಲಿ ಒಂದು ಪದ್ಧತಿ ಇತ್ತು. ನಿಶ್ಚಯದ ದಿನ ಎರಡೂ ಮನೆಯ ಹಿರಿಯರು ಎಲೆ ಅಡಿಕೆಯ ತಟ್ಟೆಯಲ್ಲಿ ತಮಗೆ ಇಷ್ಟವಾದ ಒಂದೊಂದು ಪುಸ್ತಕ ಇಟ್ಟು ಕೊಡಬೇಕು. ಸುಮ್ಮನೆ ಕೊಟ್ಟರಾಗದು, ಅದು ತಮಗೆ ಯಾಕೆ ಇಷ್ಟ ಎಂದು ನಾಲ್ಕು ಜನರೆದುರು ಹೇಳಬೇಕು. ಬಂಗಾರ ನೋಡಿದರೆ ಮನೆಯ ಪೆಟ್ಟಿಗೆ ತಿಳಿಯುತ್ತದೆ, ಪುಸ್ತಕ ನೋಡಿದರೆ ಮನೆಯ ಮನಸ್ಸು ತಿಳಿಯುತ್ತದೆ ಎಂಬುದು ಅವರ ಲೆಕ್ಕ. ಮಾತು ಮನಸ್ಸಿನಿಂದ ಬಂದರೆ ತಾಂಬೂಲ ಬದಲಾಗುತ್ತದೆ. ಬರದಿದ್ದರೆ ಊಟ ಮಾಡಿ, ಕೈ ಮುಗಿದು, ಸಂಬಂಧ ಅಲ್ಲಿಗೇ ಬಿಟ್ಟು ಹೋಗುತ್ತಾರೆ.

ಈ ಸುದ್ದಿ ಕೇಳಿ ಸಂಗನಬಸಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

"ಅಪ್ಪಾ, ಇದಕ್ಯಾಕ ಚಿಂತಿ? ಕತ್ತಿ ಪುಸ್ತಕ ಐತೆಲ್ಲ!" ಎಂದು ಮಹಾನಂದಾ ಕತ್ತೆಯ ಪುಸ್ತಕವನ್ನು ನೆನಪಿಸಿದಳು.

"ಹುಚ್ಚಿ! ಬೀಗರ ಮುಂದ ಕತ್ತಿ ತಂದು ಕುಂದರಸಲೇನು? ಮರ್ಯಾದಿ ಉಳೀತೈತೇನು?" ಎಂದು ಅವನು ಗದರಿದ.

ಗದರಿದ್ದು ಮರ್ಯಾದೆಗಾಗಿ, ನಿಜ. ಆದರೆ ಅದರ ಹಿಂದೆ ಇನ್ನೊಂದು ಭಯವೂ ಇತ್ತು. ತಟ್ಟೆಯಲ್ಲಿಟ್ಟ ಪುಸ್ತಕ ಬೀಗರ ಮನೆಗೆ ಹೋಗುತ್ತದೆ. ಮರಳಿ ಬರುವುದಿಲ್ಲ. ಆ ಭಯವನ್ನು ಅವನು ಮಗಳಿಗೆ ಹೇಳಲಿಲ್ಲ, ತನಗೂ ಹೇಳಿಕೊಳ್ಳಲಿಲ್ಲ.

ಮರುದಿನವೇ ತಾಲ್ಲೂಕಿಗೆ ಹೋಗಿ ಪುಸ್ತಕದ ಅಂಗಡಿ ಹೊಕ್ಕ. "ಎಲ್ಲಾರೂ ಮೆಚ್ಚುವಂಥದ್ದು, ಮರ್ಯಾದಿದ್ದು ಒಂದು ಪುಸ್ತಕ ಕೊಡ್ರಿ" ಎಂದ. ಅಂಗಡಿಯವನು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಕಪಾಟಿನ ತುದಿಯಿಂದ ಒಂದು ಭಾರೀ ಗ್ರಂಥ ಇಳಿಸಿದ. ಹಾಳೆಯ ಅಂಚಿಗೆಲ್ಲ ಬಂಗಾರದ ಬಣ್ಣ. ಒಂದು ಪೆಂಟೆ ಬೆಲ್ಲದಷ್ಟು ತೂಕ. ಬೆಲ್ಲವನ್ನು ರುಚಿ ನೋಡದೆ ಕೊಳ್ಳದ ಮನುಷ್ಯ ಆ ಪುಸ್ತಕದ ಒಂದು ಪುಟವನ್ನೂ ತೆರೆಯದೆ ಕೊಂಡು ತಂದ. ಹಿಂದಿನ ರಟ್ಟಿನ ಮೇಲೆ ಒಂದಿಷ್ಟು ಹೊಗಳಿಕೆ ಅಚ್ಚಾಗಿತ್ತು. ಅದನ್ನೇ ಉರುಹೊಡೆದ. ಬೆಲ್ಲ ತೂಗುವಾಗ, ಸ್ನಾನ ಮಾಡುವಾಗ, ಊಟದ ತುತ್ತಿನ ನಡುವೆ, ಅದೇ ಜಪ.

ನಿಶ್ಚಯದ ದಿನ ಬಂತು. ಸೊಗಲಗೇರಿಯವರು ಚಕ್ಕಡಿ ಕಟ್ಟಿಕೊಂಡು ಬಂದರು. ಅವರ ಕಡೆಯ ಹಿರಿಯರೆಂದರೆ ಶರಣುವಿನ ಅಜ್ಜಿ ಕಲ್ಲವ್ವ. ಬಿಳಿ ತಲೆ, ಬಾಯಿ ತುಂಬ ಎಲೆ ಅಡಿಕೆ, ಕಣ್ಣಿನಲ್ಲಿ ಸದಾ ಯಾರನ್ನೋ ಕೀಟಲೆ ಮಾಡುವ ಆಲೋಚನೆ. ಜಮಖಾನೆ ಹಾಸಿದ ಪಡಸಾಲೆಯಲ್ಲಿ ಎರಡೂ ಕಡೆಯವರು ಕೂತರು. ಮಹಾನಂದಾ ಬಾಗಿಲ ಹತ್ತಿರ ನಿಂತಳು.

ಮೊದಲು ಕಲ್ಲವ್ವಜ್ಜಿ ತನ್ನ ತಟ್ಟೆ ಮುಂದಿಟ್ಟಳು. ಎಲೆ ಅಡಿಕೆಯ ಮೇಲೆ ಇದ್ದದ್ದು ಒಂದು ತೆಳ್ಳನೆಯ ಪುಸ್ತಕ. ಶಾಲೆಯ ಹುಡುಗರ ಭೂಗೋಳದ ಪಾಠದ ಪುಸ್ತಕ!

"ನಗಬ್ಯಾಡ್ರಿ ಮತ್ತ," ಎಂದಳು ಅಜ್ಜಿ. "ನಾ ಓದಾಕ ಕಲ್ತಿದ್ದು ಕೂದಲ ಬೆಳ್ಳಗಾದ ಮ್ಯಾಲ, ಈ ಮೊಮ್ಮಗನ ಮಗ್ಗಲದಾಗ ಕುಂತು. ಮೊದಲಿಂದ ಕಡೀತನಕ ಓದಿ ಮುಗಿಸಿದ ಮೊದಲನೇ ಪುಸ್ತಕ ಇದು. ನಮ್ಮೂರ ಹೊಳಿಯೊಳಗ ಹುಟ್ಟಿದಾಗಿಂದ ಅರಿವಿ ಒಗದೀನಿ, ಅದು ಎಲ್ಲಿಗೆ ಹೊಕ್ಕೈತಿ ಅಂತ ಒಂದಿನಾ ಕೇಳಿದ್ದಿಲ್ಲ. ಇದರಾಗ ನೋಡಿದ್ರ, ಅದು ದೊಡ್ಡ ಹೊಳಿ ಕೂಡಿ ಸಮುದ್ರಕ್ಕ ಹೊಕ್ಕೈತಂತ! ಅವತ್ತ ಹೊಳಿ ದಂಡಿಗೆ ಹೋಗಿ, 'ಎಲಾ ಇದರ, ಇಷ್ಟು ದೂರ ಹೋಗಾಕಿ ನನಗೊಂದು ಮಾತು ಹೇಳಲಿಲ್ಲಲ್ಲ' ಅಂತ ಬೈದು ಬಂದೆ."

ಪಡಸಾಲೆಯ ತುಂಬ ನಗು. ನಗುತ್ತಲೇ ಸಂಗನಬಸಪ್ಪನಿಗೆ ಒಳಗೆಲ್ಲೋ ಚುಚ್ಚಿದಂತಾಯಿತು. ಆದರೆ ಈಗ ಹಿಂದೆ ಸರಿಯುವಂತಿಲ್ಲ. ಎರಡೂ ಕೈಯಲ್ಲಿ ಗ್ರಂಥ ಎತ್ತಿ ತಟ್ಟೆಯಲ್ಲಿಟ್ಟ. ಗಂಟಲು ಸರಿಮಾಡಿಕೊಂಡು, "ಮಾನವ ಬದುಕಿನ ಆಳ ಅಗಲಗಳನ್ನು ಅನನ್ಯ ರೀತಿಯಲ್ಲಿ ಅನಾವರಣಗೊಳಿಸುವ ಈ ಮೇರುಕೃತಿಯು ಪ್ರತಿಯೊಬ್ಬ ಸಹೃದಯನ ಸಂಗ್ರಹದಲ್ಲಿ ಇರಲೇಬೇಕಾದ..." ಎಂದು ಒಂದೇ ಉಸಿರಿಗೆ ಒದರಿದ.

ಕಲ್ಲವ್ವಜ್ಜಿ ಗ್ರಂಥವನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು, ಹಿಂದಿನ ರಟ್ಟಿನ ಮೇಲೆ ಬೆರಳಾಡಿಸುತ್ತ ಕೇಳುತ್ತಿದ್ದಳು. "ಬೀಗರ, ಒಂದು ಸಾಲು ಬಿಟ್ರಿ ನೋಡ್ರಿ" ಎಂದಳು.

ಸಂಗನಬಸಪ್ಪನ ಮುಖ ಕೆಂಪಾಯಿತು. ಅಜ್ಜಿ ಪುಸ್ತಕ ತೆರೆಯಲು ನೋಡಿದಳು. ಬಂಗಾರದ ಬಣ್ಣ ಹಚ್ಚಿದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದರೆ ಚರಚರ ಎಂದವು. ಯಾರೂ ತೆರೆದೇ ಇಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಪುಸ್ತಕ ಚಲೋದ ಇದ್ದೀತು," ಎಂದಳು ಅಜ್ಜಿ ಮೆಲ್ಲಗೆ. "ನಾ ಪುಸ್ತಕ ಕೇಳಾಕ ಬಂದಿಲ್ಲರಿ ಬೀಗರ, ನಿಮ್ಮನ್ನ ಕೇಳಾಕ ಬಂದೀನಿ. ಇದರಾಗ ನೀವು ಎಲ್ಲಿ ನಕ್ಕ್ರಿ, ಎಲ್ಲಿ ಅತ್ತ್ರಿ? ಒಂದು ಜಾಗಾ ತೋರಿಸ್ರಿ ಸಾಕು."

ಸಂಗನಬಸಪ್ಪ ಅಂಟಿಕೊಂಡ ಹಾಳೆಗಳನ್ನೇ ನೋಡುತ್ತ ಕೂತ. ಕಲ್ಲವ್ವಜ್ಜಿ ತನ್ನ ತಟ್ಟೆಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡಳು. ಸಂಗನಬಸಪ್ಪ ಬಾಗಿಲ ಕಡೆ ನೋಡಿದ. ಮಗಳು ತಲೆ ತಗ್ಗಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ತನ್ನ ನಾಚಿಕೆಗೆ ಅವಳ ಬಾಳು ಬೆಲೆ ತೆರಬೇಕಾಯಿತಲ್ಲ ಎಂದು ಅವನಿಗೆ ಅಳು ಬಂತು.

ಅವನು ತಟ್ಟನೆ ಎದ್ದು, ಯಾರಿಗೂ ಏನೂ ಹೇಳದೆ ಹೊರಗೆ ನಡೆದ. "ಸಿಟ್ಟು ಬಂತೇನೋ" ಎಂದು ಯಾರೋ ಪಿಸುಗುಟ್ಟಿದರು. ಮನೆಯ ಮುಂದೆಯೇ ಅಂಗಡಿ. ಅಲ್ಲಿ ಪೆಂಟೆಗಳ ಹಿಂದೆ ಕೈ ಹಾಕಿ, ಆ ರಟ್ಟಿಲ್ಲದ ಪುಸ್ತಕ ತೆಗೆದುಕೊಂಡು ಬಂದು ಅಜ್ಜಿಯ ಮುಂದೆ ಕೂತ.

"ಯವ್ವಾ, ಇದು ಕತ್ತಿ ಕಥಿ," ಎಂದ. "ನಮ್ಮಪ್ಪ ತೀರಿಕೊಂಡಾಗ ನಾ ಇನ್ನೂ ಸಣ್ಣಾವ. ಸಾಲಿ ಬಿಟ್ಟು ತಕ್ಕಡಿ ಹಿಡದೆ. ನಮ್ಮವ್ವ ಮಾತಾಡೂದ ಬಿಟ್ಟಿದ್ಲು. ಮನಿಯೊಳಗ ನಗು ಅನ್ನೂದು ಎಲ್ಲೋ ಹೋಗಿಬಿಟ್ಟಿತ್ತು. ಬೆಲ್ಲಾ ಕಟ್ಟಾಕ ರದ್ದಿ ತರತಿದ್ದೆ. ಅದರಾಗ ಇದು ಬಂತು. ಒಂದೊಂದ ಹಾಳಿ ಹರದು ಬೆಲ್ಲಾ ಕಟ್ಟಿ ಕೊಟ್ಟೆ. ಮುಂದಿನ ಹಾಳಿ ಹರಿಯೂದರಾಗ ಕಣ್ಣು ಬಿತ್ತು. ಕ್ಷೌರದವ ಕತ್ತೀನ್ನ ಕೇಳತಾನ, 'ಕೂದಲಾ ಹೆಂಗ ಕತ್ತರಿಸಲಿ?' ಅಂತ. ಕತ್ತಿ ಹೇಳತೈತಿ, 'ಕುದುರಿ ಸಾಹೇಬ್ರಿಗೆ ಹೆಂಗ ಮಾಡ್ತೀರಿ ಹಂಗ ಮಾಡ್ರಿ. ಕಿವಿ ಮಾತ್ರ ಮುಟ್ಟಬ್ಯಾಡ್ರಿ, ಅವು ನಮ್ಮ ಮನಿತನದ ಗುರುತು!'"

ಅಷ್ಟು ಹೇಳುವಷ್ಟರಲ್ಲಿ ಅವನಿಗೇ ನಗು ತಡೆಯಲಾಗಲಿಲ್ಲ.

"ನಾ ಜೋರಾಗಿ ನಕ್ಕೆ. ಹುಡುಗಗ ಏನೋ ಆತು ಅಂತ ನಮ್ಮವ್ವ ಒಳಗಿಂದ ಓಡಿ ಬಂದ್ಲು. ಆಕಿಗೂ ಓದಿ ಹೇಳಿದೆ. ಸೆರಗು ಬಾಯಿಗೆ ಹಿಡಕೊಂಡು ಆಕೀನೂ ನಕ್ಕ್ಲು. ಅವತ್ತ ನಮ್ಮ ಮನಿಯೊಳಗ ಹೊಟ್ಟಿತುಂಬ ಊಟಾ ಮಾಡಿದ್ವಿ ಯವ್ವಾ. ಅವತ್ತಿನಿಂದ ಇದರ ಒಂದು ಹಾಳೀನೂ ನಾ ಹರದಿಲ್ಲ."

ಕಲ್ಲವ್ವಜ್ಜಿ ಕಣ್ಣೊರೆಸಿಕೊಂಡಳು. ಅದು ನಗುವಿನದೋ ಅಳುವಿನದೋ, ಅವಳಿಗೇ ಗೊತ್ತು. "ಅಲ್ರಿ, ಆ ಕತ್ತಿ ಕ್ಷೌರಕ್ಕ ಬಂದದ್ದಾದ್ರೂ ಯಾಕ?" ಎಂದು ಕೇಳಿದಳು.

"ಅದು ನನಗೂ ಗೊತ್ತಿಲ್ಲರಿ. ಆ ಹಾಳಿ ಬೆಲ್ಲದ ಕೂಡ ಹೋದ್ವು. ದಿನಾ ಒಂದೊಂದು ಕಾರಣಾ ಹುಟ್ಟಿಸಿ ಈಕಿಗೆ ಹೇಳತಿದ್ದೆ" ಎಂದು ಮಗಳ ಕಡೆ ಕೈ ತೋರಿಸಿದ.

"ಚುನಾವಣೆಗೆ ನಿಲ್ಲಾಕ ಬಂದಿತ್ತು" ಎಂದಳು ಮಹಾನಂದಾ ಬಾಗಿಲಿನಿಂದಲೇ. "ಇಲ್ಲ, ಫೋಟೋ ತೆಗಿಸಿಕೊಳ್ಳಾಕ" ಎಂದ ಗಂಡಿನ ಕಡೆಯ ಒಬ್ಬ. "ಏ, ಅದು ಹೆಣ್ಣು ನೋಡಾಕ ಹೊಂಟಿತ್ತು!" ಎಂದು ಇನ್ನೊಬ್ಬ ಕೂಗಿದ. ಆಗ ತಾನೇ ಕ್ಷೌರ ಮಾಡಿಸಿಕೊಂಡು ಬಂದಿದ್ದ ಶರಣು ತಲೆ ಮುಟ್ಟಿ ನೋಡಿಕೊಂಡ. ಅಲ್ಲಿಂದ ಮುಂದೆ ಯಾರ ಮಾತು ಯಾರಿಗೂ ಕೇಳಿಸಲಿಲ್ಲ, ಅಷ್ಟು ಗದ್ದಲ, ಅಷ್ಟು ನಗು.

ಅಜ್ಜಿ ತನ್ನ ತಟ್ಟೆಯನ್ನು ಮುಂದಕ್ಕೆ ನೂಕಿದಳು. "ತಾಂಬೂಲ ತಗೋರಿ ಬೀಗರ. ನಿಮ್ಮದು ಕೊಡ್ರಿ."

ಸಂಗನಬಸಪ್ಪ ಪುಸ್ತಕ ಮುಂದೆ ಚಾಚಿದ. ಅಜ್ಜಿ ಒಂದು ತುದಿ ಹಿಡಿದಳು. ಇವನು ಇನ್ನೊಂದು ತುದಿ ಬಿಡಲಿಲ್ಲ.

"ಬಿಡ್ರಿ, ಹರೀತೈತಿ" ಎಂದಳು ಅಜ್ಜಿ.

"ಬಿಡತೀನ್ರಿ... ಇದನ್ನ ಕೊಟ್ಟ್ರ ನನ್ನ ಹಂತೇಕ ಏನು ಉಳೀತೈತಿ ಯವ್ವಾ?"

"ಅಲ್ಲೋ ನನ್ನಪ್ಪಾ, ಮಗಳನ್ನ ನಕ್ಕೋತ ಕೊಡಾಕ ಕುಂತೀ, ಕತ್ತಿಗೆ ಅಳತೀಯೇನು?" ಎಂದಳು ಅಜ್ಜಿ. ಬೀಗರು ಎಂಬ ಮರ್ಯಾದೆ ಆ ಹೊತ್ತಿಗೆ ಮಗ ಎಂಬ ಸಲುಗೆಯಾಗಿತ್ತು.

"ಹಂಗಲ್ಲ... ಓದೂದು ಸುಮ್ಮ ಓದಬಾರದ್ರಿ. ಕತ್ತಿ ಮಾತು ಬಂದಾಗ ಮೂಗಿನಿಂದ ದನಿ ತಗೀಬೇಕು. ಇಲ್ಲಾಂದ್ರ ಕತ್ತಿ ಸಪ್ಪಗಾಕ್ಕೈತಿ. ಯಾರು ತಗೀತಾರ, ನಿಮ್ಮ ಮನಿಯೊಳಗ?"

ಕಲ್ಲವ್ವಜ್ಜಿ ಬಾಯೊಳಗಿನ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿದಳು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಪುಸ್ತಕ ಹಿಡಿದ ಕೈ ಹಾಗೆಯೇ ಇರಲು, ಇನ್ನೊಂದು ಕೈಯಿಂದ ಮೂಗು ಒತ್ತಿ ಹಿಡಿದು, ಎರಡೂ ಊರಿನ ಹಿರಿಯರ ನಡುವೆ ಗೊಗ್ಗರು ದನಿ ತೆಗೆದಳು: "ಕಿವಿ ಮಾತ್ರ ಮುಟ್ಟಬ್ಯಾಡ್ರೀ! ಅವು ನಮ್ಮ ಮನಿತನದ ಗುರುತೂ!"

ಸಂಗನಬಸಪ್ಪ ತನ್ನ ಜನ್ಮದಲ್ಲೇ ಹಾಗೆ ನಕ್ಕಿರಲಿಲ್ಲ. ನಗುತ್ತ ನಗುತ್ತ ಅವನ ಎರಡೂ ಕೈ ಹೊಟ್ಟೆ ಹಿಡಿದುಕೊಂಡವು. ಪುಸ್ತಕ ಅಜ್ಜಿಯ ಕೈಯಲ್ಲಿ ಉಳಿಯಿತು.

ನೀತಿ: ಊರೆಲ್ಲ ಹೊಗಳಿದ ಪುಸ್ತಕ ಒಳ್ಳೆಯದೇ ಇರಬಹುದು, ಆದರೆ ನೀವು ನಕ್ಕು ಅತ್ತ ಪುಸ್ತಕ ಮಾತ್ರ ನಿಮ್ಮದು. ಅದು ಎಷ್ಟೇ ಸಣ್ಣದಿರಲಿ, ಹರಿದಿರಲಿ, ಅದನ್ನು ಇಷ್ಟವೆನ್ನಲು ನಾಚಬೇಡಿ. ಇನ್ನೊಬ್ಬರ ಕೈಗೆ ಕೊಡಲೂ ಅಂಜಬೇಡಿ. ಮೆಚ್ಚಿದ ಪುಸ್ತಕ ಕೊಟ್ಟರೆ ಕಡಿಮೆಯಾಗುವುದಿಲ್ಲ, ಅದನ್ನು ಓದಿ ನಗುವವರು ಒಬ್ಬರು ಹೆಚ್ಚಾಗುತ್ತಾರೆ.