ಮರಳು ಬಿಟ್ಟುಕೊಟ್ಟ ಪರಿಮಳ

ಸಂಶೋಧಕಿ ನಳಿನಾಕ್ಷಿ ಕಡಲತೀರದ ಒಂದು ಹಿಡಿ ಮರಳನ್ನು ಗಾಜಿನ ಸೀಸೆಯಲ್ಲಿ ತುಂಬಿಕೊಂಡು ಪ್ರಯೋಗಾಲಯಕ್ಕೆ ತಂದಳು. ಪ್ರವಾಸಿಗರು ಮೈಗೆ ಹಚ್ಚಿಕೊಳ್ಳುವ ಸನ್‌ಸ್ಕ್ರೀನ್ ಮರಳಿಗೆ ಎಷ್ಟು ಇಳಿದಿದೆಯೆಂದು ಅವಳು ಅಳೆಯಬೇಕಿತ್ತು. ಮರಳು ಮಾತ್ರ ಆ ಸನ್‌ಸ್ಕ್ರೀನ್‌ನ ಪರಿಮಳವನ್ನು ಎದೆಗವಚಿಕೊಂಡು ಕೂತಿತ್ತು.

"ನಾಳೆ ನಿನ್ನನ್ನು ದ್ರಾವಕದಲ್ಲಿ ತೊಳೆಯುತ್ತಾರೆ. ಹಿಡಿದಿಟ್ಟಿದ್ದನ್ನೆಲ್ಲ ಬಿಟ್ಟುಕೊಡು," ಎಂದಿತು ಸೀಸೆ.

"ಹೇಗೆ ಬಿಡಲಿ, ಸೀಸೆಯಕ್ಕಾ? ರಜೆಯಲ್ಲಿ ಮಕ್ಕಳು ಬಂದು ನನ್ನ ಮೇಲೆ ಹೊರಳಾಡಿದರು, ನನ್ನನ್ನೇ ಗುಡ್ಡೆ ಹಾಕಿ ಮನೆ ಕಟ್ಟಿದರು. ಮಳೆಗಾಲ ಶುರುವಾದ ಮೇಲೆ ಒಬ್ಬರೂ ಬರಲಿಲ್ಲ. ಅವರದೆಂದು ನನ್ನಲ್ಲಿ ಉಳಿದಿರುವುದು ಈ ಪರಿಮಳ ಒಂದೇ."

"ನಿನ್ನೊಳಗೆ ಬಿಲ ತೋಡುತ್ತಿದ್ದ ಏಡಿಗಳೆಲ್ಲಿ?"

"ಎರಡು ವರ್ಷದಿಂದ ಕಾಣೆ. ಅವುಗಳ ದಾರಿಯನ್ನೂ ಕಾಯುತ್ತಿದ್ದೇನೆ."

"ನೀನು ತಬ್ಬಿಕೊಂಡಿರುವ ಈ ಪರಿಮಳವೇ ಅವುಗಳನ್ನು ಓಡಿಸಿದ್ದು. ಅದನ್ನು ಬಚ್ಚಿಟ್ಟರೆ ಕಡಲತೀರ ಚೊಕ್ಕಟವಾಗಿದೆಯೆಂದು ಬರೆದುಬಿಡುತ್ತಾರೆ. ಆಮೇಲೆ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ."

ಮರುದಿನ ದ್ರಾವಕ ಮೈಮೇಲೆ ಬಿದ್ದಾಗ ಮರಳು ಮಕ್ಕಳ ಅಂಗಾಲುಗಳನ್ನು ಇನ್ನೊಮ್ಮೆ ನೆನೆಸಿಕೊಂಡಿತು. ನೆನೆಸಿಕೊಂಡು, ಕಣಕಣದಿಂದಲೂ ಪರಿಮಳವನ್ನು ಬಿಟ್ಟುಕೊಟ್ಟಿತು. ಅಳೆಯುವ ಯಂತ್ರದ ಪರದೆಯಲ್ಲಿ ಗೆರೆ ಸರ್ರನೆ ಮೇಲೇರಿತು.

"ಅಯ್ಯೋ, ಇಷ್ಟೊಂದಾ!" ಎಂದು ನಳಿನಾಕ್ಷಿ ಅಂಕಿಯನ್ನು ಬರೆದುಕೊಂಡು, ಆ ತೀರವನ್ನು ಉಳಿಸಿಕೊಳ್ಳಲೇಬೇಕೆಂದು ಪಂಚಾಯಿತಿಗೆ ಪತ್ರ ಬರೆಯಲು ಕುಳಿತಳು.

"ಈಗ ಸಮಾಧಾನವಾಯಿತೇ?" ಎಂದು ಸೀಸೆ ಕೇಳಿತು.

"ಇಲ್ಲ," ಎಂದಿತು ಮರಳು. "ಮುಂದಿನ ರಜೆಗೆ ಮಕ್ಕಳು ಬಂದಾಗ ನಾನು ಅಲ್ಲಿರುವುದಿಲ್ಲ. ಅಟ್ಟಿಸಿಕೊಂಡು ಓಡಲು ಅವರಿಗೊಂದು ಏಡಿಯಾದರೂ ಸಿಗಲಿ."