ಒತ್ತೆಯಿಂದ ಬಂದ ಮಗ

“ಬುದ್ಧೀ, ಊರಿಗೆಲ್ಲ ಉಪಕಾರ ಮಾಡಿದವನ ಹೊಟ್ಟೆಯಲ್ಲಿ ಮನೆಗೆ ಮಾರಿಯಾಗುವಂಥ ಮಗ ಏಕೆ ಹುಟ್ಟುತ್ತಾನೆ?”

ಕೇಳಿದವನು ಮರುಳಸಿದ್ಧ. ಮಠದ ದಾಸೋಹವನ್ನು ಹದಿನೆಂಟು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವನು ಅವನೇ. ಅವನ ಮನೆ ಮಠದಿಂದ ಮೂರು ಬೀದಿ ಆಚೆ. ಅಲ್ಲಿಗೆ ಅವನು ಹೋಗುತ್ತಿದ್ದುದು ಹಬ್ಬಕ್ಕೊಮ್ಮೆ, ಹುಣ್ಣಿಮೆಗೊಮ್ಮೆ. ಹಿಂದಿನ ದಿನ ಅವನ ಮಗ ಸಂತೆಯಲ್ಲಿ ಮಠದ ಭಕ್ತರೊಬ್ಬರ ಮೇಲೆ ಕೈಮಾಡಿದ್ದ. ಇದು ಮೊದಲನೆಯ ಸಲವೂ ಅಲ್ಲ. ಮಗನನ್ನು ಮನೆಯಿಂದ ಹೊರಗೆ ಹಾಕಿ, ತನಗೂ ಅವನಿಗೂ ಸಂಬಂಧವಿಲ್ಲವೆಂದು ಊರವರ ಮುಂದೆ ಹೇಳಿಬಿಡುವುದಕ್ಕೆ ಮರುಳಸಿದ್ಧ ಮಠದ ಸ್ವಾಮಿಗಳ ಅಪ್ಪಣೆ ಬೇಡಲು ಬಂದಿದ್ದ. ನೇರವಾಗಿ ಬಾಯಿಬಿಡಲು ನಾಚಿಕೆಯಾಗಿ ಲೋಕದ ಮೇಲೆ ಹಾಕಿ ಪ್ರಶ್ನೆ ಕೇಳಿದ್ದ.

ಸ್ವಾಮಿಗಳಿಗೆ ಎಲ್ಲ ಗೊತ್ತಿತ್ತು. “ಅಪ್ಪಣೆಯ ಮಾತು ಆಮೇಲೆ. ಮೊದಲು ಕೂತುಕೊ,” ಎಂದು ಹೇಳತೊಡಗಿದರು.

ಒಂದು ರಾಜ್ಯದಲ್ಲಿ ಒಬ್ಬ ಮಂತ್ರಿಯಿದ್ದ. ಪರರಾಜನ ಹುಬ್ಬು ಅಲುಗಿದರೆ ಸಾಕು, ಅವನ ಮನಸ್ಸಿನಲ್ಲಿ ಏನಿದೆಯೆಂದು ತಿಳಿದುಕೊಳ್ಳುವಷ್ಟು ಬುದ್ಧಿವಂತ. ಆ ರಾಜ್ಯಕ್ಕೂ ಪಕ್ಕದ ರಾಜ್ಯಕ್ಕೂ ತಲೆತಲಾಂತರದ ಹಗೆ. ಗಡಿಯ ಹೊಲಗಳಲ್ಲಿ ಬಿತ್ತಿದವನು ಕೊಯ್ದದ್ದು ಅಪರೂಪ. ಅಂಥ ಕಡೆ ಈ ಮಂತ್ರಿ ಒಂದು ಹನಿ ರಕ್ತ ಚೆಲ್ಲದೆ ಸಂಧಿ ಮಾಡಿಸಿದ. ಹನ್ನೆರಡು ವರ್ಷ ಇವರ ದಂಡು ಗಡಿ ದಾಟಬಾರದು ಎಂದು ಮಾತಾಯಿತು.

ಆ ಕಾಲದಲ್ಲಿ ಮಾತಿಗೆ ಒತ್ತೆ ಇಡುವ ಪದ್ಧತಿಯಿತ್ತು. ಮಾತು ಕೊಟ್ಟವರು ತಮ್ಮಲ್ಲಿನ ಒಂದು ದೊಡ್ಡ ಮನೆಯ ಮಗುವನ್ನು ಎದುರಾಳಿಯ ಕೈಗೆ ಒಪ್ಪಿಸಬೇಕು. ಮಾತು ತಪ್ಪಿದರೆ ಮಗು ಉಳಿಯುವುದಿಲ್ಲ. ರಾಜನಿಗೆ ಮಕ್ಕಳಿರಲಿಲ್ಲ. ಮಕ್ಕಳಿದ್ದ ಸರದಾರರೆಲ್ಲ ನೆಲ ನೋಡುತ್ತಾ ಕುಳಿತರು. ಮಂತ್ರಿ ಎದ್ದು ನಿಂತು, “ನನ್ನ ಮಗನಿದ್ದಾನೆ,” ಎಂದ. ಮಗನಿಗೆ ಆಗ ಏಳು ವರ್ಷ.

ನಮ್ಮ ಜನ ಅಳುವುದಕ್ಕೂ ಹೊಗಳುವುದಕ್ಕೂ ಕೈ ಬಿಗಿಹಿಡಿಯುವವರಲ್ಲ. ಎರಡನ್ನೂ ಧಾರಾಳವಾಗಿ ಮಾಡಿದರು. ಮಂತ್ರಿಯನ್ನು ದೇವರೆಂದರು, ಆ ವರ್ಷ ಹುಟ್ಟಿದ ಮಕ್ಕಳಿಗೆ ಅವನ ಹೆಸರಿಟ್ಟರು. ಅವನ ಸ್ವಂತ ಮಗನನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಗಡಿ ದಾಟಿಸಿದರು.

ಆಚೆಯ ರಾಜ ಕೆಟ್ಟವನಲ್ಲ. ಹುಡುಗನಿಗೆ ರೇಷ್ಮೆ ಉಡಿಸಿದ, ಸವಾರಿಗೆ ಕುದುರೆಮರಿ ಕೊಟ್ಟ, ಒಂದು ಏಟೂ ಬೀಳದ ಹಾಗೆ ನೋಡಿಕೊಂಡ. ಆದರೆ ಆ ಕೋಟೆಯಲ್ಲಿ ಒಂದು ನಿಯಮವಿತ್ತು. ಪ್ರತಿದಿನ ಮಧ್ಯಾಹ್ನ ಹುಡುಗನ ಮುಂದೆ ಎಲೆ ಹಾಕಿ ಬಡಿಸುತ್ತಿದ್ದರು. ಗಡಿಯಿಂದ ಸವಾರ ಬಂದು ಸುದ್ದಿ ಹೇಳುವವರೆಗೆ ಅವನು ತುತ್ತು ಎತ್ತುವಂತಿರಲಿಲ್ಲ. ಬೆನ್ನ ಹಿಂದೆ ಒಬ್ಬ ಕಾವಲುಗಾರ ಕತ್ತಿ ಹಿಡಿದು ನಿಂತಿರುತ್ತಿದ್ದ. ಸವಾರ ಬಂದ ಮೇಲೆ ಆ ಕಾವಲುಗಾರ ಬಾಗಿ, “ಗಡಿ ಶಾಂತವಾಗಿದೆ ಮಗು, ಉಣ್ಣು,” ಎನ್ನುತ್ತಿದ್ದ. ಸುದ್ದಿ ಬೇರೆಯಾಗಿದ್ದರೆ ಏನಾಗುತ್ತದೆ ಎಂದು ಹುಡುಗನಿಗೆ ಯಾರೂ ಹೇಳಲಿಲ್ಲ. ಏಳು ವರ್ಷದ ಮಗುವಿಗೂ ಕತ್ತಿ ಎಂದರೆ ಏನೆಂದು ಗೊತ್ತಿರುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿ ಸವಾರ ತಡವಾದರೆ ಸಂಜೆಯವರೆಗೂ ಹಾಗೆಯೇ ಕೂತಿರುತ್ತಿದ್ದ. ಇಂಥ ನಾಲ್ಕು ಸಾವಿರಕ್ಕೂ ಹೆಚ್ಚು ಮಧ್ಯಾಹ್ನಗಳು ಕಳೆದವು.

ಒತ್ತೆಗೆ ಹೋದ ಐದನೆಯ ವರ್ಷ ಅವನ ತಾಯಿ ತೀರಿಕೊಂಡಳು. ಒತ್ತೆಯಾಳು ಗಡಿ ದಾಟುವಂತಿಲ್ಲವಾದ್ದರಿಂದ ಅವನನ್ನು ಕಳುಹಿಸಲಿಲ್ಲ. ಮಂತ್ರಿ ಆಚೆಯ ರಾಜನಿಗೆ ರಾಜಕಾರ್ಯದ ಪತ್ರ ಬರೆಯುವಾಗಲೆಲ್ಲ ಕೊನೆಯಲ್ಲಿ ‘ಹುಡುಗ ಕ್ಷೇಮವೇ’ ಎಂದು ಒಂದು ಸಾಲು ಸೇರಿಸುತ್ತಿದ್ದ. ‘ಕ್ಷೇಮ’ ಎಂದು ಉತ್ತರ ಬರುತ್ತಿತ್ತು. ಅದೇನೂ ಸುಳ್ಳಲ್ಲ.

ಹತ್ತೊಂಬತ್ತನೆಯ ವಯಸ್ಸಿಗೆ ಮಗ ಮರಳಿ ಬಂದ. ವಾದ್ಯ ಊದಿಸಿ ಕರೆತಂದರು. ಬಂದ ದಿನವೇ ತೊಂದರೆ ಶುರುವಾಯಿತು. ನೂರು ಜನರ ಪಂಕ್ತಿಯಲ್ಲಿ ಕೂತು, ಬಡಿಸಿದ ಎಲೆಯನ್ನು ಮುಟ್ಟದೆ ಎದ್ದುಹೋದ. ಆ ನಾಡಿನಲ್ಲಿ ಬಡಿಸಿದ ಎಲೆಯಿಂದ ಉಣ್ಣದೆ ಏಳುವುದೆಂದರೆ ಮನೆಯವರ ಮುಖಕ್ಕೆ ಉಗಿದ ಹಾಗೆ. ಅವನು ಹೊತ್ತಲ್ಲದ ಹೊತ್ತಿನಲ್ಲಿ ಕುದುರೆ ಲಾಯದ ಮೂಲೆಯಲ್ಲಿ ನಿಂತುಕೊಂಡೇ ತಂಗಳು ತಿನ್ನುತ್ತಿದ್ದ. ಹೆಂಡ ಕಲಿತ. ಬೆನ್ನ ಹಿಂದೆ ಯಾರಾದರೂ ಬಂದು ನಿಂತರೆ ತಿರುಗಿ ಹೊಡೆಯುತ್ತಿದ್ದ. ನಿಶ್ಚಯದ ಊಟದಲ್ಲೂ ಎಲೆ ಬಿಟ್ಟು ಎದ್ದ. ಹೆಣ್ಣಿನ ಕಡೆಯವರು ತಾಂಬೂಲವನ್ನು ಅಲ್ಲೇ ಇಟ್ಟು ಹೊರಟುಹೋದರು. ಅವನಿಗೆ ಬುದ್ಧಿ ಹೇಳುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಹಿರಿಯರು ಕೈಚೆಲ್ಲಿದರು. ದೀಪದ ಬುಡದಲ್ಲಿ ಕತ್ತಲೆ ಎಂದು ಊರು ಆಡಿಕೊಂಡಿತು. ಉಣ್ಣು ಎಂದು ಗದರಿದವರು ನೂರು ಜನ. ಏಕೆ ಉಣ್ಣುವುದಿಲ್ಲ ಎಂದು ಕೇಳಿದವರು ಒಬ್ಬರೂ ಇಲ್ಲ.

ಮಂತ್ರಿಗೆ ಸಂಕಟವಾಯಿತು. ಅವನಿಗೆ ಗೊತ್ತಿದ್ದುದು ಒಂದೇ ದಾರಿ, ಸಂಧಾನ. ಚಾವಡಿಯಿಂದ ಮಗನ ಕೋಣೆಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆ ತಾನು ನಡೆಯದೆ ಒಬ್ಬ ಸಂಧಾನಕಾರನನ್ನು ಕಳುಹಿಸಿದ. ಹೆಂಡ ಬಿಟ್ಟರೆ ಒಂದು ಹಳ್ಳಿಯ ಒಡೆತನ, ಪಂಕ್ತಿಯಲ್ಲಿ ಕೂತು ಉಂಡರೆ ಆಸ್ಥಾನದಲ್ಲಿ ಒಂದು ಪದವಿ ಎಂದು ಹೇಳಿಸಿದ. ಮಗ ಎಲ್ಲವನ್ನೂ ಕೇಳಿಸಿಕೊಂಡು, “ಇದಕ್ಕೆ ಒತ್ತೆ ಯಾರು?” ಎಂದ. ಸಂಧಾನಕಾರ ಬಂದು, “ಉದ್ಧಟತನದ ಉತ್ತರ ಕೊಟ್ಟರು,” ಎಂದು ವರದಿ ಒಪ್ಪಿಸಿದ.

ಅಷ್ಟರಲ್ಲಿ ಸಂಧಿಯನ್ನು ಹೊಸದು ಮಾಡುವ ಕಾಲ ಬಂತು. ಹನ್ನೆರಡು ವರ್ಷ ಮಾತು ಉಳಿದದ್ದರಿಂದ ಈ ಸಲ ಒತ್ತೆ ಬೇಡ, ಎರಡೂ ಕಡೆಯವರು ಒಂದೇ ಪಂಕ್ತಿಯಲ್ಲಿ ಕೂತು ಉಂಡರೆ ಸಾಕು ಎಂದು ಆಚೆಯವರು ಹೇಳಿಕಳುಹಿಸಿದರು. ಆದರೆ ಒತ್ತೆಗೆ ಬಂದಿದ್ದ ಮಂತ್ರಿಯ ಮಗನೂ ಪಂಕ್ತಿಯಲ್ಲಿರಬೇಕು, ಅವನು ಉಣ್ಣಬೇಕು. ಅವನ ಎಲೆ ಹಾಗೆಯೇ ಉಳಿದರೆ ಹಗೆ ತೀರಿಲ್ಲವೆಂದು ಅರ್ಥ. ಮಂತ್ರಿ ದೇಶಭ್ರಷ್ಟತೆಯ ಆಜ್ಞೆಯನ್ನು ತಾನೇ ಬರೆದು ಮಡಿಚಿಟ್ಟುಕೊಂಡ. ಉಣ್ಣದಿದ್ದರೆ ಸೂರ್ಯ ಮುಳುಗುವುದರೊಳಗೆ ನಾಡು ಬಿಡಬೇಕೆಂದು ಮಗನಿಗೆ ಹೇಳಿಸಿದ. “ಪ್ರಯತ್ನ ಮಾಡುತ್ತೇನೆ,” ಎಂದು ಮಗ ಹೇಳಿಕಳುಹಿಸಿದ.

ಅವನು ನಿಜವಾಗಿಯೂ ಪ್ರಯತ್ನ ಮಾಡಿದ. ಕೈ ಎಲೆಯ ಅಂಚಿನವರೆಗೆ ಹೋಯಿತು, ಅಲ್ಲಿಂದ ಮುಂದೆ ಹೋಗಲಿಲ್ಲ. ಪಂಕ್ತಿಯೆಲ್ಲ ಅವನನ್ನೇ ನೋಡತೊಡಗಿತು. ಆಚೆಯ ರಾಯಭಾರಿಯ ಮುಖ ಬಿಗಿಯಿತು. ಮಂತ್ರಿ ನಡುಪಟ್ಟಿಯಲ್ಲಿದ್ದ ಆಜ್ಞೆಗೆ ಕೈಹಾಕಿದ.

ಆಗ ರಾಯಭಾರಿಯ ಪರಿವಾರದಿಂದ ಒಬ್ಬ ಮುದುಕ ಎದ್ದ. ಕೋಟೆಯಲ್ಲಿ ಕತ್ತಿ ಹಿಡಿದು ನಿಲ್ಲುತ್ತಿದ್ದ ಕಾವಲುಗಾರ ಅವನೇ. ಕುಂಟುತ್ತಾ ಬಂದು ಹುಡುಗನ ಹಿಂದೆ ಬಾಗಿ, “ಗಡಿ ಶಾಂತವಾಗಿದೆ ಮಗು, ಉಣ್ಣು,” ಎಂದ.

ಮಗ ತಲೆ ತಗ್ಗಿಸಿ ಉಂಡ. ಒಂದು ಅಗುಳೂ ಬಿಡದೆ, ಕಣ್ಣೀರು ಎಲೆಗೆ ಬೀಳುತ್ತಿದ್ದರೂ ಒರೆಸಿಕೊಳ್ಳದೆ ಉಂಡ. ಸಂಧಿ ಉಳಿಯಿತು. ಮಂತ್ರಿ ಮುದುಕನನ್ನು ಪಕ್ಕಕ್ಕೆ ಕರೆದು ವಿಚಾರಿಸಿದಾಗ ಅವನು ಕೋಟೆಯ ನಿಯಮವನ್ನು ಎರಡೇ ಮಾತಿನಲ್ಲಿ ಹೇಳಿದ.

ಮಂತ್ರಿ ಆಜ್ಞೆಯನ್ನು ಹರಿದುಹಾಕಿ, ಮೊದಲ ಬಾರಿಗೆ ತಾನೇ ನಡೆದು ಮಗನ ಬಳಿಗೆ ಹೋದ. ರಾಜರುಗಳ ಮುಂದೆ ಎಂದೂ ತಡವರಿಸದವನು ತಡವರಿಸುತ್ತಾ, “ನನಗೆ ಗೊತ್ತಿರಲಿಲ್ಲ ಮಗನೇ,” ಎಂದ.

“ನೀವು ಕೇಳಿರಲಿಲ್ಲ ಅಪ್ಪಾಜಿ,” ಎಂದ ಮಗ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ರಾಯಭಾರಿಯ ಪರಿವಾರ ಹೊರಟಾಗ ತಂದೆಯ ಕಾಲಿಗೆ ನಮಸ್ಕರಿಸಿ, ಆ ಮುದುಕ ಕಾವಲುಗಾರನ ಕುದುರೆಯ ಹಗ್ಗ ಹಿಡಿದು ಅವನ ಜೊತೆ ಗಡಿ ದಾಟಿಹೋದ. ಈ ಸಲ ಯಾರೂ ಕಳುಹಿಸಿರಲಿಲ್ಲ. ಮತ್ತೆ ಬರಲಿಲ್ಲ. ಮಂತ್ರಿ ಬಹಳ ವರ್ಷ ಬದುಕಿದ, ಅವನ ಹೆಸರು ಇನ್ನೂ ದೊಡ್ಡದಾಯಿತು.

ಸ್ವಾಮಿಗಳು ನಿಲ್ಲಿಸಿದರು.

ಮರುಳಸಿದ್ಧನಿಗೆ ತಡೆಯಲಾಗಲಿಲ್ಲ. “ಇದೆಂಥ ನ್ಯಾಯ ಬುದ್ಧೀ? ಹಡೆದ ತಂದೆ ತಾನಾಗಿ ಬಂದು ತಪ್ಪೊಪ್ಪಿಕೊಂಡರೂ, ಕತ್ತಿ ಹಿಡಿದು ನಿಂತವನ ಹಿಂದೆ ಹೋದನಲ್ಲ! ಅಂಥ ಮಗ ಇದ್ದರೇನು, ಹೋದರೇನು?”

ಸ್ವಾಮಿಗಳು ಮೆಲ್ಲಗೆ ಕೇಳಿದರು:

“ಮರುಳಸಿದ್ಧ, ನಿನ್ನ ಮಗನಿಗೆ ಯಾವ ಅಡುಗೆ ಇಷ್ಟ?”

ಮರುಳಸಿದ್ಧ ಬಾಯಿ ತೆರೆದ. ಅವನಿಗೆ ಉತ್ತರ ಗೊತ್ತಿರಲಿಲ್ಲ.