ಬೀಜಗಣಿತದ ಒಂದು ವರ್ಷ

ಹೊಳೆದಂಡೆಯ ಆಶ್ರಮದಲ್ಲಿ ಚಿದಾನಂದಯ್ಯನವರು ಮೂವತ್ತು ವರ್ಷದಿಂದ ಬೀಜಗಣಿತ ಕಲಿಸುತ್ತಿದ್ದರು.

ಕಲಿಕೆ ಎರಡು ವರ್ಷದ್ದು. ಮೊದಲ ವರ್ಷ ಆಶ್ರಮದಲ್ಲಿ, ಬೀಜಗಣಿತ. ಎರಡನೆಯ ವರ್ಷ ಹೊಳೆಯಾಚೆಯ ಪೇಟೆಯಲ್ಲಿ. ಎರಡನ್ನೂ ಮುಗಿಸಿದ ಹೆಣ್ಣುಮಕ್ಕಳಿಗೆ ಪೇಟೆಯ ಶಾಲೆಯಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಗುತ್ತಿತ್ತು.

ಆಶ್ರಮದಲ್ಲಿ ಒಂದು ಹಳೆಯ ನಿಯಮವೂ ಇತ್ತು. ಆಷಾಢದಲ್ಲಿ ತರಗತಿ ಶುರುವಾಗುವ ಮುನ್ನ ಬೀಜಗಣಿತದ ಪರೀಕ್ಷೆ ಬರೆದು ಪಾಸಾದವರು ಮೊದಲ ವರ್ಷ ಕೂರಬೇಕಾಗಿರಲಿಲ್ಲ.

ಒಂದು ಬೆಳಿಗ್ಗೆ ಶಾಂಭವಿ ಎಂಬ ಹದಿನೇಳರ ಹುಡುಗಿ ಬಂದು ಗುರುಗಳ ಮುಂದೆ ನಿಂತಳು.

"ಗುರುಗಳೇ, ನಾನು ಆ ಪರೀಕ್ಷೆ ಬರೆಯಬೇಕು."

"ತರಗತಿಯಲ್ಲಿ ಕೂರುವುದಕ್ಕೆ ಏನು ಕಷ್ಟ?"

"ಬರುವ ವೈಶಾಖಕ್ಕೆ ಮದುವೆ ಎಂದು ಅಪ್ಪ ಮಾತು ಕೊಟ್ಟಾಗಿದೆ. ಕೆಲಸ ಸಿಕ್ಕಿದ್ದರೆ ಬಿಡಿಸುವುದಿಲ್ಲ ಎಂದು ಗಂಡಿನವರು ಹೇಳಿದ್ದಾರೆ. ನನಗಿರುವುದು ಒಂದೇ ವರ್ಷ."

"ಆಷಾಢಕ್ಕೆ ಇನ್ನೆಷ್ಟು ದಿನ?"

"ನಲವತ್ತು."

"ವರ್ಷದ ಪಾಠವನ್ನು ನಲವತ್ತು ದಿನದಲ್ಲಿ ಕಲಿಯುತ್ತೀಯಾ?"

"ಕಲಿಯುವುದಕ್ಕೆ ಹೊತ್ತಿಲ್ಲ ಗುರುಗಳೇ. ಪಾಸಾದರೆ ಸಾಕು."

"ನಾಳೆ ಬಾ," ಎಂದರು ಚಿದಾನಂದಯ್ಯನವರು.

ಮಾರನೆಯ ದಿನ ಹೊಳೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತರು.

"ಎಕ್ಸ್‌ಗೆ ಏಳು ಕೂಡಿಸಿದರೆ ಹನ್ನೆರಡು. ಎಕ್ಸ್ ಎಷ್ಟು?"

"ಏಳನ್ನು ಆ ಕಡೆಗೆ ಒಯ್ದರೆ ಮೈನಸ್ ಆಗುತ್ತದೆ. ಎಕ್ಸ್ ಐದು."

"ಆ ಕಡೆಗೆ ಹೋದರೆ ಮೈನಸ್ ಯಾಕಾಗಬೇಕು?"

"ಅದು ನಿಯಮ."

ಗುರುಗಳು ಎದ್ದು ಹೋಗಿ ಅಡುಗೆಮನೆಯಿಂದ ತಕ್ಕಡಿ ತಂದರು. ಎರಡು ತಟ್ಟೆಗೂ ಹೊಳೆಯ ಕಲ್ಲುಗಳನ್ನು ಹಾಕಿದರು. ಕೆಲಸ ಮಾಡುವಾಗ ಅವರ ಮುಖ ಗೆಲುವಾಗಿತ್ತು. ಮೂವತ್ತು ವರ್ಷದಿಂದ ಪ್ರತಿ ಆಷಾಢದಲ್ಲೂ ಅವರು ಹೇಳುತ್ತಿದ್ದ ಮೊದಲ ಪಾಠ ಅದು.

"ಇಲ್ಲಿ ನೋಡು. ಈ ತಟ್ಟೆಯಿಂದ ಏಳು ಕಲ್ಲು ತೆಗೆಯುತ್ತೇನೆ..."

"ಗುರುಗಳೇ, ಇದು ಪರೀಕ್ಷೆಯಲ್ಲಿ ಬರುತ್ತದೆಯೇ?"

"ಬರುವುದಿಲ್ಲ."

"ಹಾಗಾದರೆ ಬೇಡ."

ಅವರ ಕೈ ನಿಂತಿತು. ಕಲ್ಲುಗಳನ್ನು ಒಂದೊಂದಾಗಿ ಹೊಳೆಗೆ ಹಾಕಿದರು. ತಕ್ಕಡಿಯನ್ನು ಒಳಗಿಟ್ಟು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ತಂದು ಅವಳ ಮಡಿಲಿಗೆ ಹಾಕಿದರು.

"ಬರುವುದೆಲ್ಲ ಇದರಲ್ಲಿದೆ."

ಶಾಂಭವಿ ಬಿಡದೆ ಓದಿದಳು. ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂದು ಬಾಯಿಪಾಠ ಮಾಡಿದಳು. ಕಸ ಗುಡಿಸುವಾಗ, ನೀರು ಸೇದುವಾಗ ಅವಳ ತುಟಿ ಅಲುಗುತ್ತಲೇ ಇತ್ತು. ಹೀಗೆ ಮಾಡಿದರೆ ಸರಿಯೇ ಎಂದು ಕೇಳಿದರೆ ಗುರುಗಳು, "ಸರಿ," ಎನ್ನುತ್ತಿದ್ದರು. ಅದಕ್ಕಿಂತ ಒಂದು ಮಾತೂ ಹೆಚ್ಚು ಆಡುತ್ತಿರಲಿಲ್ಲ.

ಪರೀಕ್ಷೆಯ ಪತ್ರಿಕೆ ತೆಗೆದವರು ಚಿದಾನಂದಯ್ಯನವರೇ. ಹತ್ತು ಲೆಕ್ಕಗಳು. ಹತ್ತೂ ಹಳೆಯ ಪತ್ರಿಕೆಗಳವು, ಅಂಕಿಗಳಷ್ಟೇ ಬೇರೆ.

ಶಾಂಭವಿಗೆ ನೂರಕ್ಕೆ ತೊಂಬತ್ತಾರು ಬಂತು.

ಅವಳು ಕಾಲಿಗೆ ಬಿದ್ದಾಗ ಅವರು ಕೈ ಎತ್ತಿದರು. ಹರಸುವ ಮಾತು ಬಾಯಿಗೆ ಬರಲಿಲ್ಲ.

ಪೇಟೆಯಲ್ಲಿ ಎರಡನೆಯ ವರ್ಷದ ಪಾಠ ಹೇಳುತ್ತಿದ್ದವರು ಅನಸೂಯಾಬಾಯಿ. ಮೊದಲ ವಾರದಲ್ಲೇ ಅವರು ಒಂದು ಲೆಕ್ಕ ಹೇಳಿದರು. ಎರಡು ದಡಗಳಿಂದ ಎರಡು ದೋಣಿ ಹೊರಡುತ್ತವೆ, ಎಲ್ಲಿ ಸಂಧಿಸುತ್ತವೆ?

"ಶಾಂಭವಿ, ಯಾವುದನ್ನು ಎಕ್ಸ್ ಎಂದು ಇಟ್ಟುಕೊಳ್ಳುತ್ತೀ?"

"ಎಕ್ಸ್ ಅನ್ನು ಅವರೇ ಕೊಟ್ಟಿರುತ್ತಾರಲ್ಲ ಅಮ್ಮ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಅಷ್ಟು ಅವಮಾನವಾಗುತ್ತಿರಲಿಲ್ಲ.

ಅಂದಿನಿಂದ ಪ್ರತಿ ಪಾಠವೂ ಅವಳಿಗೆ ಅರ್ಧ ದಾರಿಯಲ್ಲಿ ಕೈಕೊಟ್ಟಿತು. ಕಾರ್ತಿಕದಲ್ಲಿ ಒಂದು ದಿನ ಹೊಳೆ ದಾಟಿ ಆಶ್ರಮಕ್ಕೆ ಬಂದಳು. ಜಗಲಿಯ ಮೇಲೆ ಮೊದಲ ವರ್ಷದವರು ಕೂತಿದ್ದರು. ಗುರುಗಳು ಏನೋ ಹೇಳುತ್ತಿದ್ದರು, ಅವರೆಲ್ಲ ನಗುತ್ತಿದ್ದರು. ಕಂಬದ ಮರೆಯಲ್ಲಿ ಸ್ವಲ್ಪ ಹೊತ್ತು ನಿಂತು, ಬಂದ ದಾರಿಯಲ್ಲೇ ಹಿಂತಿರುಗಿದಳು.

ವರ್ಷದ ಕೊನೆಗೆ ಹತ್ತೊಂಬತ್ತು ಅಂಕ ಬಂತು. ಕೆಲಸ ಬೇರೊಬ್ಬಳಿಗೆ ಹೋಯಿತು. ವೈಶಾಖದಲ್ಲಿ ಮದುವೆಯಾಯಿತು.

ಮೂರು ವರ್ಷದ ಮೇಲೆ ತವರಿಗೆ ಬಂದವಳು, ಗಂಡನ ಊರಿಗೆ ಮರಳುವ ದಿನ ದೋಣಿ ಹತ್ತುವ ಮುಂಚೆ ಆಶ್ರಮದ ಮೆಟ್ಟಿಲಿಗೆ ಹೋದಳು. ಚಿದಾನಂದಯ್ಯನವರು ಒಬ್ಬರೇ ಕೂತಿದ್ದರು. ಅವಳನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದರು. ಅವಳು ಕೂರಲಿಲ್ಲ.

"ನನಗೆ ಏನೂ ಬರುವುದಿಲ್ಲ ಎಂದು ನಿಮಗೆ ಗೊತ್ತಿತ್ತೇ, ಗುರುಗಳೇ?"

"ಗೊತ್ತಿತ್ತು."

"ಗೊತ್ತಿದ್ದೂ ಪಾಸು ಮಾಡಿದಿರಿ."

"ಮಾಡಿದೆ."

"ಕಾರ್ತಿಕದಲ್ಲಿ ಬಂದು ಕಂಬದ ಹಿಂದೆ ನಿಂತಿದ್ದೆ."

"ನೋಡಿದ್ದೆ."

"ಕರೆಯಬಹುದಿತ್ತಲ್ಲ?"

ಗುರುಗಳು ನೀರನ್ನೇ ನೋಡುತ್ತಿದ್ದರು.

"ನನ್ನ ಪಾಠ ಬೇಡ ಎಂದೆಯಲ್ಲ, ಅವತ್ತು ನನಗೆ ಸಿಟ್ಟು ಬಂತು. ಬೇಡ ಎಂದವಳು ಪಾಠವಿಲ್ಲದೆಯೇ ಹೋಗಲಿ, ಆಗ ತಿಳಿಯುತ್ತದೆ ಎಂದುಕೊಂಡೆ. ಕಂಬದ ಹಿಂದೆ ನಿನ್ನನ್ನು ಕಂಡಾಗ, ತಿಳಿಯಿತು ಎಂದು ಸಮಾಧಾನವಾಯಿತು."

"ನನಗೆ ಆಗ ಹದಿನೇಳು ವರ್ಷ. ನಿಮಗೆ ಅರವತ್ತು."

ಅವರು ತಲೆ ಎತ್ತಲಿಲ್ಲ.

"ಪತ್ರಿಕೆಯಲ್ಲಿ ಒಂದೇ ಒಂದು ಹೊಸ ಲೆಕ್ಕ ಕೊಟ್ಟಿದ್ದರೆ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಫೇಲು ಮಾಡಿ ಕೂರಿಸಿಕೊಳ್ಳಬಹುದಿತ್ತು."

"ಕೂರಿಸಿಕೊಂಡಿದ್ದರೂ ವೈಶಾಖಕ್ಕೆ ಮದುವೆಯಾಗುತ್ತಿತ್ತು, ಶಾಂಭವಿ. ಕೆಲಸವೂ ಸಿಗುತ್ತಿರಲಿಲ್ಲ."

"ಸಿಗುತ್ತಿರಲಿಲ್ಲ. ಆದರೆ ಒಂದು ವರ್ಷ ಕಲಿತದ್ದು ನನ್ನ ಹತ್ತಿರ ಇರುತ್ತಿತ್ತು. ಈಗ ನನ್ನ ಹತ್ತಿರ ತೊಂಬತ್ತಾರು ಅಂಕದ ಒಂದು ಹಾಳೆ ಇದೆ. ಅತ್ತೆಮನೆಯಲ್ಲಿ ಅದನ್ನು ಮಡಿಸಿ ಡಬ್ಬಿಯ ತಳಕ್ಕೆ ಹಾಕಿದ್ದಾರೆ."

ಆಗ ಅವಳ ಕಣ್ಣು ಜಗಲಿಯ ಕಡೆ ಹೋಯಿತು. ಜಗಲಿ ಬರಿದಾಗಿತ್ತು. ಕರಿಹಲಗೆಯ ಮೇಲೆ ಧೂಳು ಕೂತಿತ್ತು.

"ತರಗತಿ ಇಲ್ಲವೇ?"

"ಬಿಟ್ಟುಬಿಟ್ಟೆ. ನಿನ್ನ ಹತ್ತೊಂಬತ್ತು ಅಂಕದ ಸುದ್ದಿ ಬಂದ ದಿನವೇ. ನಾನು ಕಲಿಸಲು ಯೋಗ್ಯನಲ್ಲ ಅನ್ನಿಸಿತು."

"ಆಮೇಲೆ ಬಂದವರು?"

"ಬಂದರು. ಬಾಗಿಲಲ್ಲೇ ನಿಂತು ಹೋದರು."

ಶಾಂಭವಿ ಅವರನ್ನು ನೇರ ನೋಡಿದಳು. ಮೂರು ವರ್ಷದ ಕೋಪ ಆ ನೋಟದಲ್ಲಿತ್ತು. ಅವರು ಬಾಗಿಸಿದ್ದ ತಲೆ ಕಂಡರೂ ಅದು ಇಳಿಯಲಿಲ್ಲ.

"ನನ್ನ ಮೇಲೆ ಸಿಟ್ಟು ಬಂದಾಗ ನನಗೆ ಕಲಿಸಲಿಲ್ಲ. ನಿಮ್ಮ ಮೇಲೆಯೇ ಸಿಟ್ಟು ಬಂದಾಗ ಯಾರಿಗೂ ಕಲಿಸಲಿಲ್ಲ. ನಿಮ್ಮ ಸಿಟ್ಟಿಗೆ ಪ್ರತಿ ಸಲವೂ ಬೆಲೆ ತೆತ್ತವರು ಯಾರು, ಗುರುಗಳೇ?"

ಹೊಳೆಯಾಚೆ ಅಂಬಿಗನು ಹುಟ್ಟು ಎತ್ತಿಕೊಂಡು ದೋಣಿಗೆ ಇಳಿಯುತ್ತಿದ್ದ.

ಅವಳು ಬುತ್ತಿಯ ಗಂಟನ್ನು ಕೈಗೆತ್ತಿಕೊಂಡಳು. ಹೊರಡುವವಳು ವಾಡಿಕೆಯಂತೆ ಕಾಲಿಗೆ ಬಾಗಲು ಹೋದಳು. ಅವರು ಎರಡೂ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ದೋಣಿ ಈ ಕಡೆ ಬರಲು ಇನ್ನೂ ಹೊತ್ತಿದೆ," ಎಂದರು ಚಿದಾನಂದಯ್ಯನವರು. "ಇವತ್ತು ಕಲಿಯುವವನು ನಾನು. ಇನ್ನೊಂದು ಪ್ರಶ್ನೆ ಕೇಳು."